ಮರದ ಮಿಲ್ಲಿನ ಕೆಳಮಹಡಿ: ಮನೆ ಗ್ರೂಪಿನಲ್ಲಿ ಚರ್ಚೆ

ತಮ್ಮ: (ನಾಲ್ಕು ಫೋಟೋ) ಅಮೆರಿಕದ ಒರೆಗಾನ್ ಕಡೆಯ ಉಗಿಯಿಂದ ಓಡುವ ಹಳೆಯ ಮರದ ಮಿಲ್ಲಿನ ಪುಟ್ಟ ಮಾದರಿ. ಅಳತೆ 1:87, ಅಂದರೆ ನಿಜದ್ದರ 87ರಲ್ಲಿ ಒಂದು ಪಾಲು. ತಗಡಿನ ಮಾಡು ಮುಗಿಯಿತು. ಕೆಳಮಹಡಿಗೆ ಸುತ್ತ ಹಲಗೆ ಹೊಡೆದು ಮುಚ್ಚುತ್ತೇನೆ, ಒಳಗೆ ಖಾಲಿ. ಹೇಗೂ ಕಾಣುವುದಿಲ್ಲ ಅಲ್ವಾ?

ದೊಡ್ಡಮ್ಮ: ಚಂದ ಆಗಿದೆ ಮಗಾ. ಆದರೆ ಹೊಸ ಮರಕ್ಕೆ ಮಸಿ ಬಳಿದದ್ದು ಯಾಕೆ?

ತಮ್ಮ: ಕಪ್ಪು ಇಂಕಿಗೆ ಸ್ಪಿರಿಟ್ ಸೇರಿಸಿ ತೆಳುವಾಗಿ ಹಚ್ಚಿದ್ದು ದೊಡ್ಡಮ್ಮ. ಬಿಸಿಲು, ಮಳೆಗೆ ಹಲಗೆ ಬೂದು ಬಣ್ಣ ಆಗುತ್ತದಲ್ಲ, ಹಾಗೆ ಕಾಣಲಿ ಅಂತ.

ಬಾವ: ಮಂಗಳೂರಿನವನು ಮಾಡಿದ ಮಿಲ್ಲಿಗೆ ತಗಡಿನ ಮಾಡು ಎಂತಕ್ಕೆ ಮಾರಾಯ? ಜೆಪ್ಪುವಿನಲ್ಲಿ 1865ರಲ್ಲೇ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾದ ಊರು ಇದು. ನಮ್ಮ ಹಂಚು ಹಾಕು.

ಅಕ್ಕ: ಬಾವ, ಹಂಚು ಬೇಡ. ಹಂಚು ಹಾಕಿದರೆ ಗೋಡೆಗೆ ಕೆಂಪು ಕಲ್ಲು ಬರಬೇಕು, ಮಾಡು ಹೊರುವ ಪಕ್ಕಾಸು, ರೀಪು ಎಲ್ಲ ಬದಲಾಗಬೇಕು. ಅದು ಬೇರೆಯೇ ಮಿಲ್ಲು. ಅದನ್ನೂ ಮಾಡಲಿ, ನನಗೂ ನೋಡುವ ಆಸೆ ಉಂಟು. ಆದರೆ ಒರೆಗಾನ್ ಮಿಲ್ಲಿನ ತಲೆಗೆ ನಮ್ಮ ಹಂಚು ಇಟ್ಟರೆ ಎರಡೂ ಸುಳ್ಳಾಗುತ್ತವೆ.

ತಮ್ಮಾ, ನನ್ನ ತಕರಾರು ಕೆಳಮಹಡಿಯದ್ದು. ಅದನ್ನು ಖಾಲಿ ಬಿಡಬೇಡ. ಗರಗಸ, ದಿಮ್ಮಿ ಹೊತ್ತು ಹಿಂದೆ ಮುಂದೆ ಓಡುವ ಗಾಡಿ ಮೇಲಿರುತ್ತವೆ, ಸರಿ. ಅವನ್ನು ಓಡಿಸುವ ಉದ್ದದ ಶಾಫ್ಟ್, ಪುಲ್ಲಿ, ಬೆಲ್ಟು ಎಲ್ಲ ಕೆಳಗೆ. ಮರದ ಹುಡಿ ಬೀಳುವುದೂ ಅಲ್ಲಿಗೇ. ಆ ಹುಡಿಯೇ ಬಾಯ್ಲರಿಗೆ ಉರುವಲು. ಒಂದು ಮರ ಕೊಯ್ದ ಹುಡಿಯಿಂದ ಮುಂದಿನ ಮರ ಕೊಯ್ಯುವ ಉಗಿ! ಇಡೀ ಮಿಲ್ಲಿನಲ್ಲಿ ನನಗೆ ಅತಿ ಇಷ್ಟದ ವಿಷಯ ಇದು. ನೀನು ಮುಚ್ಚಲಿಕ್ಕೆ ಹೊರಟದ್ದು ಇದನ್ನೇ.

ಬಾವ: ಆ ಅಳತೆಯಲ್ಲಿ ಆರಡಿ ಮನುಷ್ಯನೇ 21 ಮಿ.ಮೀ. ಬೆಲ್ಟು ಯಾರಿಗೆ ಕಾಣುತ್ತದೆ? ಸುಮ್ನೆ ಕಣ್ಣು ಹಾಳು.

ಅಕ್ಕ: ಐದಡಿಯ ಗರಗಸ 17.5 ಮಿ.ಮೀ. ಆಗುತ್ತದೆ ಬಾವ. ಅದು ಕಾಣುತ್ತದೆ ಎಂದಾದರೆ ಅದರ ಪುಲ್ಲಿಯೂ ಕಾಣುತ್ತದೆ. ಒಂದು ಬದಿಗೆ ಹಲಗೆ ಹೊಡೆಯದೆ ತೆರೆದಿಟ್ಟರೆ ಆಯಿತು. ಮಕ್ಕಳು ಬಗ್ಗಿ ನೋಡಿದರೆ ಗರಗಸ ಯಾವುದರಿಂದ ತಿರುಗುತ್ತದೆ ಎಂದು ಕೇಳದೆಯೇ ಗೊತ್ತಾಗಬೇಕು.

ಇನ್ನೊಂದು. ಮೂರನೇ ಫೋಟೋದ ಹಲಗೆ ರಾಶಿ ಐಸ್‌ಕ್ರೀಮ್ ಕಡ್ಡಿಯದ್ದಾ? ಕಡ್ಡಿ ಸುಮಾರು 2 ಮಿ.ಮೀ. ದಪ್ಪ. 87ರಿಂದ ಗುಣಿಸು. ಹತ್ತಿರಹತ್ತಿರ ಏಳು ಇಂಚಿನ ಹಲಗೆ! ನಿನ್ನ ಅಳತೆಯಲ್ಲಿ ಒಂದಿಂಚಿನ ಹಲಗೆ 0.3 ಮಿ.ಮೀ. ಕೂಡ ಇಲ್ಲ. ತೆಳು ಮರದ ಹಾಳೆ (ವಿನಿಯರ್) ಸೀಳಿ ಜೋಡಿಸು.

ತಮ್ಮ: ಹಲಗೆ ಬದಲಿಸುತ್ತೇನೆ. ಕೆಳಮಹಡಿಗೆ ಮನಸ್ಸಿಲ್ಲ ಅಕ್ಕಾ, ಕೆಲಸ ಜಾಸ್ತಿ. ಕೆರೆ ಬಾಕಿ ಉಂಟು.

ದೊಡ್ಡಮ್ಮ: ಮಿಲ್ಲಿಗೆ ಕೆರೆ ಎಂತಕ್ಕೆ?

ಬಾವ: ದಿಮ್ಮಿ ನೀರಿನಲ್ಲಿದ್ದರೆ ಒಣಗಿ ಬಿರಿಯುವುದಿಲ್ಲ ದೊಡ್ಡಮ್ಮ. ಮಣ್ಣು, ಕಲ್ಲು ತೊಳೆದು ಹೋಗುತ್ತದೆ, ಗರಗಸದ ಹಲ್ಲು ಉಳಿಯುತ್ತದೆ. ಎಷ್ಟು ದೊಡ್ಡ ದಿಮ್ಮಿಯನ್ನೂ ಒಬ್ಬನೇ ಕೋಲಿನಲ್ಲಿ ದೂಡಬಹುದು. ಕೋಝಿಕ್ಕೋಡಿನ ಕಲ್ಲಾಯಿಯಲ್ಲಿ ಹೊಳೆಯಲ್ಲೇ ತೇಲಿಸಿಡುತ್ತಿದ್ದರು.

ಅಕ್ಕ: ಇಷ್ಟು ಗೊತ್ತಿದ್ದೂ ಕೆಳಮಹಡಿ ಬೇಡ ಅನ್ನುತ್ತೀರಲ್ಲ ಬಾವ! ಕೆರೆಯಿಂದ ಚೈನು ದಿಮ್ಮಿಯನ್ನು ಮೇಲಕ್ಕೆ ಎಳೆಯುತ್ತದೆ. ಆ ಚೈನಿಗೆ ಬಲ ಎಲ್ಲಿಂದ? ತಮ್ಮಾ, ನೀರಿಗೆ ನೀಲಿ ಬಣ್ಣ ಹಾಕಬೇಡ. ತೊಗಟೆ ಕೊಳೆತ ನೀರು ಕಪ್ಪುಗಂದು.

ಬಾವ: ಬಲದ ಮಾತು ಒಪ್ಪಿದೆ. ಒಂದು ಬದಿ ತೆರೆದಿಡು. ಹಂಚಿನ ಮಾತು ನಾನು ಬಿಟ್ಟಿಲ್ಲ.

ತಮ್ಮ: ಸರಿ, ಕೆರೆ ಬದಿಗೆ ತೆರೆದಿಡುತ್ತೇನೆ. ಶಾಫ್ಟಿಗೆ ಸೈಕಲ್ ಚಕ್ರದ ಕಡ್ಡಿ ಸಾಕಾ?

ಅಕ್ಕ: ಅದೂ 2 ಮಿ.ಮೀ., ದಪ್ಪವಾಯಿತು. 1 ಮಿ.ಮೀ. ತಂತಿ ತಗೋ, ಸುಮಾರು ಮೂರೂವರೆ ಇಂಚಿನ ಶಾಫ್ಟ್ ಆಗುತ್ತದೆ. ಬೆಲ್ಟಿಗೆ ಕಂದು ಕಾಗದ ಸೀಳು. ಪುಲ್ಲಿ ಕೂರಿಸುವ ಮೊದಲು ಫೋಟೋ ಹಾಕು.