ಮೊದಲ ಸಲ ಮಾಡೆಲ್ ಸ್ಪರ್ಧೆಗೆ: ಸ್ಪಿಟ್‌ಫೈರ್ ಒಯ್ಯಲೋ, ಬರೀ ನೋಡಿಕೊಂಡು ಬರಲೋ?

ಪುಟ್ಟರೆಕ್ಕೆ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಭಾಗದ ಸ್ಕೇಲ್ ಮಾಡೆಲ್ ಸ್ಪರ್ಧೆ ಮತ್ತು ಪ್ರದರ್ಶನ ಇದೆ. ಹೋಗೋದಂತೂ ಖಂಡಿತ. ಮಾಡೆಲ್ ತಗೊಂಡು ಹೋಗಬೇಕಾ, ಕೈಬೀಸಿಕೊಂಡು ಹೋಗಬೇಕಾ ಅನ್ನೋದೇ ತೀರ್ಮಾನ ಆಗುತ್ತಿಲ್ಲ. ಇಷ್ಟು ವರ್ಷ ಮನೆಯಲ್ಲೇ ಕೂತು ಕಟ್ಟಿದವನು ನಾನು. ನನ್ನ ಕೆಲಸ ನೋಡಿದವರು ಅಂದರೆ ಮನೆಯವರು, ಮತ್ತೆ ಎಲ್ಲವನ್ನೂ ಮುಟ್ಟಿಯೇ ನೋಡುವ ಒಬ್ಬ ನೆಂಟರು.

ಮಾಡೆಲ್ 1/48 ಅಳತೆಯ (ನಿಜದ್ದಕ್ಕಿಂತ 48 ಪಟ್ಟು ಚಿಕ್ಕ) ಸ್ಪಿಟ್‌ಫೈರ್ ಮಾರ್ಕ್ 9, ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ. 1944ರ ಜೂನ್‌ನ ವಿಮಾನ. ಹಾಗಾಗಿ ರೆಕ್ಕೆಗೂ ಒಡಲಿಗೂ ಕಪ್ಪು ಬಿಳಿ ಪಟ್ಟೆ ಇದೆ. ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿಯುವ ಮುಂಚಿನ ಒಂದೆರಡು ದಿನದಲ್ಲಿ ಗಡಿಬಿಡಿಯಿಂದ ಬಳಿದದ್ದು ಅವು. ಹಳೆಯ ಫೋಟೋಗಳಲ್ಲಿ ಅಂಚು ಸೊಟ್ಟಗೆ, ಬ್ರಷ್ ಗುರುತು ಎದ್ದು ಕಾಣುತ್ತದೆ. ನಾನೂ ಬೇಕಂತಲೇ ಟೇಪ್ ಹಚ್ಚದೆ ಬ್ರಷ್‌ನಲ್ಲೇ ಬಳಿದಿದ್ದೇನೆ. ತೀರ್ಪುಗಾರರು ಇದನ್ನು ಇತಿಹಾಸ ಅಂದುಕೊಳ್ಳುತ್ತಾರಾ, ಕೈ ನಡುಕ ಅಂದುಕೊಳ್ಳುತ್ತಾರಾ? ಅಷ್ಟಕ್ಕೂ ಅವರು ಏನನ್ನು ನೋಡುತ್ತಾರೆ? ಇನ್ನೊಂದು, ಇದನ್ನು ಮುರಿಯದೆ ಒಯ್ಯೋದು ಹೇಗೆ? ಅದರ ಆಂಟೆನಾ ಕಂಬ ನೋಡಿದರೇ ಎದೆ ಡವಡವ ಅನ್ನುತ್ತೆ.

ಸೀದಾಕಿಟ್:

ಸುಮ್ನೆ ಒಯ್ಯಿರಿ. ಖಾಲಿ ಕೈಯಲ್ಲಿ ಹೋದರೆ ಮಧ್ಯಾಹ್ನದ ಹೊತ್ತಿಗೆ ‘ನಂದೂ ತಂದಿದ್ದರೆ ಆಗ್ತಿತ್ತು’ ಅನ್ನಿಸುತ್ತೆ. ನಿಯಮಗಳ ಹಾಳೆಯನ್ನು ಮಾತ್ರ ಇವತ್ತೇ ಓದಿ. ಡಬ್ಬಿಯಲ್ಲಿ ಬಂದದ್ದನ್ನು ಬಿಟ್ಟು ಬೇರೆ ಬಿಡಿಭಾಗ ಹಾಕದೆ ಕಟ್ಟಿದ್ದರೆ ಅದಕ್ಕೆ ಪ್ರತ್ಯೇಕ ವಿಭಾಗ ಇರಬಹುದು. ಅಲ್ಲಿ ಕಿಟ್‌ನ ಸೂಚನಾ ಹಾಳೆಯನ್ನೂ ಕೇಳಬಹುದು. ಎಸೆದಿಲ್ಲ ತಾನೆ?

ಅಂಟುಬೆರಳು:

ತೀರ್ಪುಗಾರರ ಜೊತೆ ಟಾರ್ಚ್ ಹಿಡಿದು ಓಡಾಡಿದವನು ನಾನು, ಈಗ ಆಗಾಗ ತೀರ್ಪನ್ನೂ ಕೊಡುತ್ತೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ರಿವೆಟ್ ಎಣಿಸುತ್ತಾರೆ, ಹಸಿರಿನ ಛಾಯೆ ಸರಿಯಾ ಅಂತ ಪುಸ್ತಕ ತೆಗೆಯುತ್ತಾರೆ ಅಂತ ಹೊಸಬರು ಹೆದರುತ್ತಾರೆ. ಅಷ್ಟು ಪುರುಸೊತ್ತು ಯಾರಿಗೂ ಇರಲ್ಲ. ಮೇಜಿನ ತುಂಬ ಮಾಡೆಲ್, ಸಾಮಾನ್ಯವಾಗಿ ಮೂವರ ತಂಡ, ಕೈಯಲ್ಲಿ ಟಾರ್ಚ್. ಮೊದಲ ಸುತ್ತಿನಲ್ಲಿ ನಾವು ಗೆಲ್ಲುವವರನ್ನು ಹುಡುಕುವುದೇ ಇಲ್ಲ. ಯಾವುದನ್ನು ಪಕ್ಕಕ್ಕಿಡಬಹುದು ಅಂತ ನೋಡುತ್ತೇವೆ. ಆಗ ಕಣ್ಣಿಗೆ ಬೀಳೋದು ಕಟ್ಟಿದ ರೀತಿ. ಎಂಜಿನ್ ಒಳಗೆ ತಂತಿ ಎಳೆದು, ಕಾಕ್‌ಪಿಟ್‌ನಲ್ಲಿ ಬೆಲ್ಟ್ ಬಕಲ್‌ವರೆಗೂ ಮಾಡಿರುತ್ತಾರೆ. ಆದರೆ ಬಾಲದ ಎರಡು ರೆಕ್ಕೆಗಳಲ್ಲಿ ಒಂದು ಮೇಲೆ, ಒಂದು ಕೆಳಗೆ. ಅಂಥದ್ದು ಮೊದಲ ಸುತ್ತಲ್ಲೇ ಹೋಯಿತು. ಹೊಟ್ಟೆ ಉರಿಯುತ್ತೆ, ಆದರೂ ಹೋಯಿತು.

ನೀವೇ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಸ್ಪಿಟ್‌ಫೈರನ್ನು ಸಮತಟ್ಟಾದ ಮೇಜಿನ ಮೇಲಿಟ್ಟು, ನಿಮ್ಮ ಕಣ್ಣನ್ನು ಅದರ ಮೂತಿಯ ಮಟ್ಟಕ್ಕೆ ತನ್ನಿ. ಎರಡೂ ರೆಕ್ಕೆಯ ತುದಿ ಮೇಜಿನಿಂದ ಒಂದೇ ಎತ್ತರದಲ್ಲಿವೆಯಾ? ಬಾಲದ ರೆಕ್ಕೆಗಳು ಅದಕ್ಕೆ ಹೊಂದುತ್ತವೆಯಾ? ಚಕ್ರದ ಕಾಲುಗಳು ಮುಂದಕ್ಕೆ ವಾಲಿರುವುದು ಸರಿಯೇ, ಆದರೆ ಎರಡೂ ಅಷ್ಟಷ್ಟೇ ವಾಲಿರಬೇಕು. ಆಮೇಲೆ ದೀಪ ಆರಿಸಿ, ಟಾರ್ಚನ್ನು ಪ್ಲಾಸ್ಟಿಕ್‌ಗೆ ತಾಗುವ ಹಾಗೆ ಓರೆ ಹಿಡಿದು ಒಡಲಿನ ಬೆನ್ನಿನ ಮೇಲೆ ನಿಧಾನ ಹಾಯಿಸಿ. ಎರಡು ಅರ್ಧ ಸೇರಿದ ಕಡೆ ಕೂದಲೆಳೆಯಷ್ಟು ನೆರಳು ಎದ್ದರೆ ಜೋಡಣೆಯ ಗೆರೆ ಇನ್ನೂ ಇದೆ ಅಂತಲೇ ಅರ್ಥ. ಕೈಗೆ ನಯವಾಗಿ ಸಿಗುವ ಜಾಗವೂ ಬೆಳಕಿಗೆ ಸಿಕ್ಕಿಬೀಳುತ್ತೆ. ರೆಕ್ಕೆಯ ಮುಂಅಂಚು, ರೆಕ್ಕೆ ಒಡಲಿಗೆ ಸೇರುವ ಬುಡ, ಹೊಗೆ ಕೊಳವೆಗಳು, ಮೂತಿಯ ಕೆಳಗಿನ ಗಾಳಿ ಬಾಯಿ, ಇಷ್ಟೂ ಕಡೆ ಹಾಗೇ ನೋಡಿ. ನಿಮ್ಮ ಮಾರ್ಕ್ 9ಕ್ಕೆ ರೆಕ್ಕೆಯಡಿ ಎರಡು ರೇಡಿಯೇಟರ್ ಇರುತ್ತವಲ್ಲ, ಅವುಗಳ ಒಳಗೂ ನಾವು ಬೆಳಕು ಬಿಡುತ್ತೇವೆ. ಅಲ್ಲಿ ಭಾಗವನ್ನು ಅಚ್ಚಿನಿಂದ ಹೊರಗೆ ತಳ್ಳುವ ಪಿನ್ನಿನ ದುಂಡು ಗುರುತು ಉಳಿದಿದ್ದರೆ ತಪ್ಪಿಸಿಕೊಳ್ಳಲ್ಲ.

ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಕೆಳಗೆ ಬೆಳ್ಳಗೆ ಹೊಳೆಯುತ್ತಿದೆಯಾ ಅಂತಲೂ ನೋಡಿಕೊಳ್ಳಿ. ಮ್ಯಾಟ್ ಅಂದರೆ ಹೊಳಪಿಲ್ಲದ ಬಣ್ಣದ ಒರಟು ಮೈಮೇಲೆ ಡೆಕಾಲ್ ಕೂತರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತೆ, ಅದೇ ಹೊಳೆಯೋದು. ಈಗ ಮಾಡಬಹುದಾದ್ದು ಇಷ್ಟೇ: ಸೂಜಿ ಮೊನೆಯಿಂದ ಸಣ್ಣಗೆ ಚುಚ್ಚಿ, ಡೆಕಾಲ್ ಮೆತ್ತಗಾಗಿಸುವ ದ್ರಾವಣ ಒಂದು ಹನಿ ಬಿಟ್ಟು, ಒಣಗುವವರೆಗೆ ಮುಟ್ಟದೆ ಇರೋದು. ಮುಂದಿನ ಕಿಟ್‌ಗೆ ಮೊದಲು ಹೊಳಪಿನ ವಾರ್ನಿಷ್, ಅದರ ಮೇಲೆ ಡೆಕಾಲ್, ಕೊನೆಗೆ ಮ್ಯಾಟ್ ವಾರ್ನಿಷ್.

ಇನ್ನು ಪಟ್ಟೆ. ನಿಜವಾದ ಪಟ್ಟೆ ಒಂದೊಂದೂ 18 ಇಂಚು ಅಗಲ, 1/48ರಲ್ಲಿ ಸುಮಾರು ಒಂಬತ್ತೂವರೆ ಮಿಲಿಮೀಟರ್. ಹಾಗಾಗಿ ಮಾಡೆಲ್ ಮೇಲೆ ಒಂದು ಮಿಲಿಮೀಟರ್ ಸೊಟ್ಟ ಅಂದರೆ ವಿಮಾನದ ಮೇಲೆ ಐದು ಸೆಂಟಿಮೀಟರ್ ಸೊಟ್ಟ. ಅಷ್ಟು ನಡೆದೀತು, ಜಾಸ್ತಿ ಆದರೆ ಯಾರೂ ನಂಬಲ್ಲ. ಆ ವಿಮಾನದ್ದೇ ಫೋಟೋ ಸಿಕ್ಕರೆ ಸಣ್ಣ ಕಾರ್ಡ್ ಮಾಡಿ ಪಕ್ಕದಲ್ಲಿಡಿ. ಬೇರೆ ವಿಮಾನದ ಫೋಟೋ ಇಟ್ಟು ‘ಹೀಗೇ ಇತ್ತು’ ಅನ್ನಬೇಡಿ. ಮತ್ತೆ, ಅಂಚು ಸೊಟ್ಟಗಿರಲಿ, ಆದರೆ ಬಣ್ಣ ದಪ್ಪಗೆ ಗಂಟು ಕಟ್ಟಿರಬಾರದು. ಸೊಟ್ಟಕ್ಕೆ ಇತಿಹಾಸದ ಆಧಾರ ಇದೆ, ಗಂಟಿಗೆ ಇಲ್ಲ.

ಉಕ್ಕಿನಪಟ್ಟಿ:

ಮೇಲಿನವರು ಹೇಳಿದ್ದು ಒಂದು, ಎರಡು, ಮೂರು ಅಂತ ಸ್ಥಾನ ಕೊಡುವ ಪದ್ಧತಿಗೆ ಪೂರ್ತಿ ಸರಿ. ನಾನು ಟ್ಯಾಂಕ್ ಕಟ್ಟುವವನು. ನಮ್ಮ ಕೆಲವು ಪ್ರದರ್ಶನಗಳಲ್ಲಿ ಪಕ್ಕದ ಮಾಡೆಲ್‌ಗೆ ಹೋಲಿಸೋದೇ ಇಲ್ಲ. ಒಂದು ಮಟ್ಟ ಇಟ್ಟಿರುತ್ತಾರೆ, ಅದಕ್ಕೆ ತಲುಪಿದವರಿಗೆಲ್ಲ ಚಿನ್ನ, ಬೆಳ್ಳಿ, ಕಂಚು. ಒಂದೇ ಮೇಜಿನಲ್ಲಿ ನಾಲ್ಕು ಚಿನ್ನ ಬಂದರೂ ತಕರಾರಿಲ್ಲ. ನಿಮ್ಮ ಸ್ಪರ್ಧೆ ಯಾವ ತರಹದ್ದು ಅಂತ ಮೊದಲೇ ಕೇಳಿ ತಿಳಿದುಕೊಳ್ಳಿ, ಆಮೇಲೆ ಗೊಣಗೋದು ತಪ್ಪುತ್ತೆ.

ಮಾರಾಟದ ಮೇಜುಗಳನ್ನು ಮರೆಯಬೇಡಿ. ಯಾರದೋ ಅಟ್ಟದಿಂದ ಇಳಿದ ಹಳೆ ಕಿಟ್‌ಗಳು ಅಲ್ಲಿ ಬರುತ್ತವೆ. ಮೋಟಾರ್ ಹಾಕಿ ಓಡಿಸುವ ಜಪಾನಿನ ತಮಿಯಾ ಕಂಪನಿಯ ಹಳೆಯ ಟ್ಯಾಂಕ್ ಕಂಡರೆ ಒಮ್ಮೆ ಕೈಗೆತ್ತಿಕೊಳ್ಳಿ. ನಮ್ಮ 1/35 ಅಳತೆ ಹುಟ್ಟಿದ್ದೇ ಹಾಗೆ: ಅವರ ಮೊದಲ ಪ್ಯಾಂಥರ್ ಟ್ಯಾಂಕ್ ಮಾಡೆಲ್ ಒಳಗೆ ಬ್ಯಾಟರಿ, ಮೋಟಾರ್ ಹಿಡಿಸಬೇಕಿತ್ತು, ಹಿಡಿಸಿದಾಗ ಬಂದ ಗಾತ್ರ ಅದು.

ಅಂಟುಬೆರಳು:

ಒಯ್ಯುವ ವಿಷಯ ಬಿಟ್ಟೇಹೋಗಿತ್ತು. ಗಟ್ಟಿ ಡಬ್ಬಿ, ಒಳಗೆ ಫೋಮ್ ಕತ್ತರಿಸಿ ರೆಕ್ಕೆಯ ಬುಡಕ್ಕೆ, ಒಡಲಿನ ಕೆಳಗೆ ಆಸರೆ ಕೊಡಿ. ಭಾರ ಅಲ್ಲೇ ಕೂರಬೇಕು. ಚಕ್ರ, ಬಾಲ, ಫಿರಂಗಿ ನಳಿಗೆ ಯಾವುದಕ್ಕೂ ಏನೂ ತಾಗಬಾರದು. ಗುಳ್ಳೆ ಪ್ಲಾಸ್ಟಿಕ್ ಸುತ್ತಬೇಡಿ, ಬಣ್ಣದ ಮೇಲೆ ಅಚ್ಚು ಬೀಳುತ್ತೆ. ಪ್ರೊಪೆಲ್ಲರ್ ಅಂಟಿಸಿಲ್ಲದಿದ್ದರೆ ಬೇರೆಯಾಗಿಟ್ಟು ಅಲ್ಲೇ ಸಿಕ್ಕಿಸಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಮಾತ್ರ ಬಿಡಲೇಬೇಡಿ.

ಜೇಬಿನಲ್ಲಿ ಚಿಮಟ, ಸೂಪರ್ ಗ್ಲೂ, ಬಿಳಿ ಗೋಂದು, ಸಣ್ಣ ಬ್ರಷ್, ಬಳಸಿದ ಬಣ್ಣ ಒಂದೊಂದು ಹನಿ. ಆಂಟೆನಾ ಕಂಬ ಬಿದ್ದರೆ ಬಿಳಿ ಗೋಂದನ್ನೇ ಹಚ್ಚಿ. ಅದು ಕ್ಯಾನೊಪಿಯ (ಪೈಲಟ್ ತಲೆ ಮೇಲಿನ ಪಾರದರ್ಶಕ ಮುಚ್ಚಳ) ಬೆನ್ನಿಗೇ ಇರೋದರಿಂದ ಸೂಪರ್ ಗ್ಲೂ ಆವಿಗೆ ಗಾಜು ಪೊರೆ ಬಂದ ಕಣ್ಣಿನ ಹಾಗೆ ಮಸುಕಾಗುತ್ತೆ.

ಪುಟ್ಟರೆಕ್ಕೆ:

ಟಾರ್ಚ್ ಪರೀಕ್ಷೆ ಮಾಡಿದೆ. ಬೆನ್ನಿನ ಗೆರೆ ಇಲ್ಲ, ರೆಕ್ಕೆಗಳು ಸಮ. ಬಲಗಡೆ ರೇಡಿಯೇಟರ್ ಒಳಗೆ ಒಂದು ದುಂಡು ಗುರುತು ನಗುತ್ತಾ ಕೂತಿದೆ. ಪುಟ್ಟಿ ಹಚ್ಚಿಯಾಯಿತು. ಹೆಸರು ಕೊಡುತ್ತಿದ್ದೇನೆ. ತೀರ್ಪು ನಡೆಯುವಾಗ ಅಲ್ಲೇ ಹತ್ತಿರ ನಿಲ್ಲಬಹುದಾ?

ಅಂಟುಬೆರಳು:

ಬೇಡ. ಆಗ ಮಾರಾಟದ ಮೇಜುಗಳ ಕಡೆ ಹೋಗಿ. ಫಲಿತಾಂಶ ಬಂದಮೇಲೆ ನಿಮ್ಮ ವಿಭಾಗ ನೋಡಿದವರು ಯಾರು ಅಂತ ಕೇಳಿ ಹಿಡಿದುಕೊಳ್ಳಿ. ‘ಯಾಕೆ ಬರಲಿಲ್ಲ’ ಅಂದರೆ ಉತ್ತರ ಮೊಟಕಾಗಿರುತ್ತೆ. ‘ಮೊದಲು ಕಣ್ಣಿಗೆ ಬಿದ್ದದ್ದು ಏನು’ ಅಂತ ಕೇಳಿ, ಟಾರ್ಚ್ ತೆಗೆದು ತೋರಿಸುತ್ತಾರೆ.