ಸಂತೋಷವನ್ನು ಆರಿಸಿಕೊಳ್ಳುವುದೆಂದರೆ ದುಃಖವನ್ನು ಮುಚ್ಚಿಡುವುದೇ?

ಪ್ರಶ್ನೆ:
ಕರ್ತನಲ್ಲಿ ಪ್ರಿಯರಾದ ಎಲ್ಲರಿಗೂ ವಂದನೆಗಳು. ಎರಡು ವರ್ಷಗಳಿಂದ ಹಾಸಿಗೆ ಹಿಡಿದಿರುವ ಅತ್ತೆಯವರ ಆರೈಕೆ ನನ್ನ ಪಾಲಿಗಿದೆ. ರಾತ್ರಿ ಎರಡು ಮೂರು ಸಲ ಎದ್ದು, ಬೆಳಿಗ್ಗೆ ಮತ್ತೆ ಕೆಲಸಕ್ಕೆ ಹೊರಡಬೇಕು. ಕಳೆದ ವಾರ ಪ್ರಾರ್ಥನಾ ಕೂಟದಲ್ಲಿ ನನ್ನ ಬಾಡಿದ ಮುಖವನ್ನು ಕಂಡ ಹಿರಿಯರೊಬ್ಬರು, ವಿಶ್ವಾಸಿಗಳು ಸಂತೋಷವನ್ನು ಆರಿಸಿಕೊಳ್ಳಬೇಕೆಂದು ಹೇಳಿ, “ಯಾವಾಗಲೂ ಕರ್ತನಲ್ಲಿ ಸಂತೋಷಿಸಿರಿ” ಎಂಬ ಬೈಬಲಿನ ಫಿಲಿಪ್ಪಿ 4:4ನ್ನು ನನ್ನಿಂದಲೇ ಓದಿಸಿದರು. ಮನೆಗೆ ಬಂದು ಆ ವಚನವನ್ನು ಹತ್ತಾರು ಸಲ ಓದಿದೆ. ಸಂತೋಷವೇನೂ ಬರಲಿಲ್ಲ, ಅದು ಬರಲಿಲ್ಲವೆಂಬ ಅಳುಕು ಮಾತ್ರ ಹೊಸದಾಗಿ ಸೇರಿಕೊಂಡಿತು. ಅಪ್ಪಣೆ ಕೊಟ್ಟ ಮಾತ್ರಕ್ಕೆ ಮನಸ್ಸು ಸಂತೋಷಪಡುವುದೇ? ನಗುಮುಖ ಹೊತ್ತು ಸಭೆಗೆ ಹೋಗುವುದು ಕಪಟವಾಗುವುದಿಲ್ಲವೇ?

ಉತ್ತರ 1:
ಸಹೋದರಿ, ಆ ವಚನವನ್ನು, ಅಪೊಸ್ತಲನಾದ ಪೌಲನು ಫಿಲಿಪ್ಪಿ ಎಂಬ ಊರಿನ ಸಭೆಗೆ ಬರೆದ ಪತ್ರದಿಂದ ಬಿಡಿಸಿ ಓದಿದರೆ ಅದು ಗದರಿಕೆಯಂತೆಯೇ ಕೇಳಿಸುತ್ತದೆ. ಪೌಲನು ಬೇಡಿಗಳಲ್ಲಿದ್ದು ಇದನ್ನು ಬರೆದನೆಂದು ಎಲ್ಲರೂ ಹೇಳುತ್ತಾರೆ. ಆದರೆ ಅದೇ ಪತ್ರದ 2:27ನ್ನು ಅಷ್ಟಾಗಿ ಯಾರೂ ಓದಿಸುವುದಿಲ್ಲ. ತನ್ನ ಜೊತೆಗಾರನಾದ ಎಪಫ್ರೊದೀತನು ರೋಗದಿಂದ ಸಾಯುವ ಸ್ಥಿತಿಗೆ ಬಂದಿದ್ದನೆಂದೂ, ದೇವರು ಅವನನ್ನು ಕರುಣಿಸದೆ ಹೋಗಿದ್ದರೆ ತನಗೆ ದುಃಖದ ಮೇಲೆ ದುಃಖ ಬರುತ್ತಿತ್ತೆಂದೂ ಪೌಲನು ಅಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ದುಃಖದ ಮೇಲೆ ದುಃಖ ಎಂದ ಮೇಲೆ, ಮೊದಲೇ ಒಂದು ದುಃಖ ಇತ್ತೆಂದಾಯಿತಲ್ಲವೇ? 3:18ರಲ್ಲಿಯೂ ಅವನು ಅಳುತ್ತಾ ಬರೆಯುತ್ತಾನೆ. ಅತ್ತವನೇ ನಾಲ್ಕನೆಯ ಅಧ್ಯಾಯದಲ್ಲಿ ಸಂತೋಷಿಸಿರಿ ಎನ್ನುತ್ತಿರುವಾಗ, ಅವನು ನಿಮ್ಮಿಂದ ಕೇಳುತ್ತಿರುವುದು ನಗುಮುಖವನ್ನು ಎಂದು ನನಗೆ ತೋರುವುದಿಲ್ಲ. “ಕರ್ತನಲ್ಲಿ” ಎಂಬ ಮಾತಿಗೆ ಅಲ್ಲಿ ತೂಕ ಹೆಚ್ಚು. ಮನಸ್ಸಿನ ಭಾವನೆಯನ್ನು ನಾವು ಆರಿಸಲಾರೆವು. ಆ ಭಾವನೆಯನ್ನು ಯಾರ ಮುಂದೆ ಇಡಬೇಕೆಂಬುದನ್ನು ಆರಿಸಬಹುದು. ಬೈಬಲಿನ ಕೀರ್ತನೆಗಳ ಪುಸ್ತಕದ 13ನೆಯ ಕೀರ್ತನೆಯನ್ನು ನೋಡಿ: ಎಷ್ಟರ ತನಕ ನನ್ನನ್ನು ಮರೆತಿರುವಿ ಎಂಬ ದೂರಿನಿಂದ ತೊಡಗಿ, ಆರೇ ವಚನಗಳಲ್ಲಿ ಹಾಡಿಗೆ ಬರುತ್ತದೆ. ಆದರೆ 88ನೆಯದು ಕತ್ತಲೆಯಲ್ಲಿಯೇ ಮುಗಿಯುತ್ತದೆ, ಅದೂ ಪ್ರಾರ್ಥನೆಯೇ. ನೀವು 88ರಲ್ಲಿ ನಿಲ್ಲುವ ದಿನಗಳಲ್ಲಿ ವಿಶ್ವಾಸ ಕಳೆದುಕೊಂಡಿರೆಂದು ಯಾರೂ ಹೇಳುವಂತಿಲ್ಲ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಹಿರಿಯರ ಬಗ್ಗೆಯೂ ಒಂದು ಮಾತು ಬೇಕು. 4:4ನ್ನು ಓದಿಸಿದವರು ಆರು ವಚನ ಮುಂದೆ ಹೋಗಿದ್ದರೆ, ಪೌಲನು ತಾನು ಬಹಳವಾಗಿ ಸಂತೋಷಪಟ್ಟದ್ದಕ್ಕೆ ಕೊಡುವ ಕಾರಣ ಸಿಗುತ್ತಿತ್ತು: ಫಿಲಿಪ್ಪಿಯವರು ಅವನನ್ನು ನೆನೆದು ಸಹಾಯ ಕಳುಹಿಸಿದ್ದರು, ಅದನ್ನು ತಂದವನು ಅದೇ ಎಪಫ್ರೊದೀತ. ಆ ಆಜ್ಞೆಯೂ ಒಬ್ಬರಿಗೆ ಹೇಳಿದ್ದಲ್ಲ, ಇಡೀ ಸಭೆಗೆ ಹೇಳಿದ್ದು. ಕೂಟದಲ್ಲಿ ವಚನ ಓದಿಸಿದವರ ಪೈಕಿ ಒಬ್ಬರಾದರೂ ವಾರಕ್ಕೆ ಒಂದು ರಾತ್ರಿ ನಿಮ್ಮ ಅತ್ತೆಯವರ ಬಳಿ ಕುಳಿತರೆ, ಸಂತೋಷವನ್ನು ಕುರಿತ ಬೋಧನೆ ಅಷ್ಟು ಬೇಕಾಗುವುದಿಲ್ಲ. (ಸ್ವಲ್ಪ ಖಾರವಾಯಿತೇನೋ, ಕ್ಷಮಿಸಿ.)

ಉತ್ತರ 3:
ಸಾಯಬೇಕೆಂದು ಬೇಡಿಕೊಂಡ ಪ್ರವಾದಿಯಾದ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ಉಪದೇಶವಲ್ಲ, ರೊಟ್ಟಿ ಮತ್ತು ನೀರು. ತಿಂದು ಅವನು ಪುನಃ ಮಲಗಿದನು (1 ಅರಸುಗಳು 19). ನಿದ್ದೆಗೆಟ್ಟ ದೇಹವನ್ನು ಆತ್ಮಿಕ ಸೋಲೆಂದು ಎಣಿಸಬೇಡಿ. ನಿದ್ದೆ ಸಿಕ್ಕರೂ ವಾರಗಟ್ಟಲೆ ಮನಸ್ಸು ಹಗುರವಾಗದಿದ್ದರೆ ವೈದ್ಯರನ್ನು ಕಾಣುವುದಕ್ಕೆ ಹಿಂಜರಿಯಬೇಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಎರಡನೆಯ ಅಧ್ಯಾಯವನ್ನು ನಿನ್ನೆ ರಾತ್ರಿ ಅತ್ತೆಯವರಿಗೆ ಓದಿ ಹೇಳಿದೆ. ಎಪಫ್ರೊದೀತನು ಗುಣವಾದನೆಂದು ಕೇಳಿ, “ಅವನನ್ನು ನೋಡಿಕೊಂಡವರ ಹೆಸರು ಬರೆದಿಲ್ಲವೇ?” ಎಂದು ಕೇಳಿದರು. ಬರೆದಿಲ್ಲ ಎಂದೆ. ಇಬ್ಬರಿಗೂ ನಗು ಬಂತು. ಭಾನುವಾರ ಸಭಾಪಾಲಕರ ಬಳಿ ರಾತ್ರಿಯ ಸಹಾಯದ ವಿಷಯವನ್ನು ನಾನೇ ಬಾಯಿಬಿಟ್ಟು ಕೇಳುತ್ತೇನೆ.