ಬ್ಲರ್ ರಿಡಕ್ಷನ್ ಆನ್ ಮಾಡಿದರೆ ಪರದೆಯ ಕೆಳಗಡೆ ಎರಡೆರಡು ಚಿತ್ರ. ಫರ್ಮ್‌ವೇರ್ ಹಾಕಲಾ, ಬೇಡವಾ?

ಪ್ರಶ್ನೆ:
ನನ್ನದು 27 ಇಂಚಿನ ಐಪಿಎಸ್ ಮಾನಿಟರ್, 165 ಹರ್ಟ್ಸ್. ತಗೊಂಡು ಎಂಟು ತಿಂಗಳಾಯ್ತು. ಕೌಂಟರ್ ಸ್ಟ್ರೈಕ್‌ನಲ್ಲಿ ಮೌಸ್ ಜೋರಾಗಿ ತಿರುಗಿಸಿದರೆ ಎದುರಾಳಿ ಕಲಸಿಹೋಗುತ್ತಾನೆ ಅಂತ ಬ್ಲರ್ ರಿಡಕ್ಷನ್ ಆನ್ ಮಾಡಿದೆ. ಪರದೆಯ ಮಧ್ಯದಲ್ಲಿ ಇಟ್ಟಿಗೆಯ ಸಂದು ಕೂಡ ಎಣಿಸಬಹುದು, ಅಷ್ಟು ಸ್ಪಷ್ಟ. ಆದರೆ ಕೆಳಗಿನ ಕಾಲು ಭಾಗದಲ್ಲಿ ಪ್ರತಿ ಅಂಚಿನ ಪಕ್ಕ ಮಸುಕಾದ ಇನ್ನೊಂದು ಅಂಚು. ಕಂಪನಿಯವರು ಹೊಸ ಫರ್ಮ್‌ವೇರ್ (ಮಾನಿಟರ್ ಒಳಗಿನ ಸಾಫ್ಟ್‌ವೇರ್) ಬಿಟ್ಟಿದ್ದಾರೆ. ಸ್ಟ್ರೋಬ್ ಟೈಮಿಂಗ್ ಸರಿಪಡಿಸಿದೆ ಅಂತ ಒಂದೇ ಸಾಲಿನ ವಿವರಣೆ. ನಮ್ಮ ಬೀದಿಯಲ್ಲಿ ಕರೆಂಟ್ ಯಾವಾಗ ಬೇಕಾದರೂ ಹೋಗುತ್ತದೆ. ಅರ್ಧದಲ್ಲಿ ನಿಂತರೆ ಮಾನಿಟರ್ ಗತಿ ಏನು ಅಂತ ಭಯ.

ಉತ್ತರ 1:
ಮೊದಲು ಇದು ಯಾಕಾಗುತ್ತದೆ ನೋಡಿ. 165 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 165 ಚಿತ್ರ) ಒಂದು ಫ್ರೇಮ್ ಸುಮಾರು 6 ಮಿಲಿಸೆಕೆಂಡ್ ನಿಲ್ಲುತ್ತದೆ. ಸೆಕೆಂಡಿಗೆ 1000 ಪಿಕ್ಸೆಲ್ ಓಡುವ ವಸ್ತು 6 ಪಿಕ್ಸೆಲ್‌ನಷ್ಟು ಕಲಸಿ ಕಾಣುತ್ತದೆ. ಬ್ಲರ್ ರಿಡಕ್ಷನ್‌ನಲ್ಲಿ ಬ್ಯಾಕ್‌ಲೈಟ್, ಅಂದರೆ ಪರದೆಯ ಹಿಂದಿನ ದೀಪ, ಪ್ರತಿ ಫ್ರೇಮಿಗೆ ಒಮ್ಮೆ ಮಿಂಚಿ ಆರುತ್ತದೆ. ಇದೇ ಸ್ಟ್ರೋಬ್. ಅದು 1 ಮಿಲಿಸೆಕೆಂಡ್ ಮಾತ್ರ ಮಿಂಚಿದರೆ ಕಲಸುವುದು 1 ಪಿಕ್ಸೆಲ್‌ಗೆ ಇಳಿಯುತ್ತದೆ. ಬೆಳಕು ಕಡಿಮೆಯಾಗುವುದೂ ಇದಕ್ಕೇ.

ತೊಂದರೆ ಏನಂದರೆ, ಪ್ಯಾನೆಲ್ ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಬದಲಾಗುತ್ತದೆ, ಮಿಂಚು ಮಾತ್ರ ಇಡೀ ಪರದೆಗೆ ಒಂದೇ ಸಲ. ಆ ಹೊತ್ತಿಗೆ ಕೆಳಗಿನ ಪಿಕ್ಸೆಲ್‌ಗಳು ಹಳೇ ಫ್ರೇಮ್ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಇದನ್ನೇ ಕ್ರಾಸ್‌ಟಾಕ್ ಅನ್ನುತ್ತಾರೆ. ಮಿಂಚುವ ಕ್ಷಣ ಮತ್ತು ಓವರ್‌ಡ್ರೈವ್ (ಪಿಕ್ಸೆಲ್ ಬೇಗ ಬದಲಾಗಲಿ ಅಂತ ಕೊಡುವ ಹೆಚ್ಚಿನ ವೋಲ್ಟೇಜ್) ಎರಡನ್ನೂ ಫರ್ಮ್‌ವೇರ್ ತಿದ್ದಬಹುದು. ಪ್ಯಾನೆಲ್ಲೇ ನಿಧಾನವಾದರೆ ಅದರಿಂದ ಆಗುವುದಿಲ್ಲ.

ಹಾಗಾಗಿ ಮೊದಲು 120 ಹರ್ಟ್ಸ್‌ಗೆ ಇಳಿಸಿ ನೋಡಿ. ಫ್ರೇಮಿಗೆ 8.3 ಮಿಲಿಸೆಕೆಂಡ್ ಸಿಗುತ್ತದೆ. ಗೇಮ್ ಕೂಡ ಬಿಡದೆ 120 ಫ್ರೇಮ್ ಕೊಡಬೇಕು. 60 ಕೊಟ್ಟರೆ ಕೆಳಗೆ ಮಾತ್ರ ಅಲ್ಲ, ಇಡೀ ಪರದೆಯಲ್ಲೇ ಎರಡೆರಡು ಕಾಣುತ್ತದೆ.

ಉತ್ತರ 2:
ಕರೆಂಟಿನ ಬಗ್ಗೆ ನಿಮ್ಮ ಭಯ ಸರಿಯೇ. ನಾನು ಲ್ಯಾಪ್‌ಟಾಪ್‌ನಿಂದ ಯುಎಸ್‌ಬಿ ಕೇಬಲ್ ಹಾಕಿ ಅಪ್‌ಡೇಟ್ ಮಾಡಿದ್ದೆ, ಮಾನಿಟರ್ ಯುಪಿಎಸ್ ಮೇಲಿತ್ತು. ಮಧ್ಯದಲ್ಲಿ ಪರದೆ ಪೂರ್ತಿ ಕಪ್ಪಾಯ್ತು. ಕೈ ಪವರ್ ಬಟನ್ ತನಕ ಹೋಗಿತ್ತು, ಒತ್ತಲಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ಆನ್ ಆಯ್ತು. ಫರ್ಮ್‌ವೇರ್ ಯಾವ ಮಾಡೆಲ್‌ಗೆ ಅಂತ ನೋಡಿ, ನಂಬರ್‌ನ ಕೊನೆಯ ಅಕ್ಷರದವರೆಗೂ ನಿಮ್ಮದರ ಜೊತೆ ಹೋಲಿಸಿ. ಈಗಿರುವ ಸೆಟ್ಟಿಂಗ್‌ಗಳ ಫೋಟೋ ತೆಗೆದಿಡಿ, ನನ್ನದರಲ್ಲಿ ಎಲ್ಲಾ ಅಳಿಸಿಹೋಗಿತ್ತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. 120ಕ್ಕೆ ಇಳಿಸಿದ ಕೂಡಲೇ ಅರ್ಧ ಸರಿಹೋಯ್ತು. ಪಕ್ಕದ ಮನೆಯಿಂದ ಯುಪಿಎಸ್ ತಂದು ನಿನ್ನೆ ರಾತ್ರಿ ಫರ್ಮ್‌ವೇರ್ ಕೂಡ ಹಾಕಿದೆ. ಈಗ ತೀರಾ ಕೆಳಗೆ, ಎರಡು ಬೆರಳು ಅಗಲದಷ್ಟು ಜಾಗದಲ್ಲಿ ಮಾತ್ರ ನೆರಳು ಉಳಿದಿದೆ. ಆಡುವಾಗ ಅಲ್ಲಿ ಕಾಣುವುದು ಗುಂಡಿನ ಲೆಕ್ಕ ಅಷ್ಟೇ, ಅದು ಅಲುಗಾಡುವುದೇ ಇಲ್ಲ.